ಗುಂಡಿಗೆ ಹಾಕಿದ ಚೆಂಡು

ಹುಮನಾಬಾದಿನ ತರಬೇತಿಯ ಮೂರನೆಯ ದಿನ ನನ್ನ ಸುಳ್ಳು ಅಚ್ಚಾಗಿ ನನ್ನ ಕೈಗೇ ಬಂತು.

ಅದು ಶಾಲೆಗಳ ಮುಖ್ಯಗುರುಗಳಿಗೆ ನಡೆಸಿದ ತರಬೇತಿ. ಐದು ದಿನದ್ದು. 'ಕಷ್ಟಕಾಲದಲ್ಲಿ ನೈತಿಕ ನಿರ್ಧಾರ' ಎಂದು ಬಾಗಿಲ ಮೇಲೆ ಬ್ಯಾನರ್ ಕಟ್ಟಿದ್ದರು. ನಲವತ್ತು ಜನ ಬಂದಿದ್ದೆವು. ಅದರಲ್ಲಿ ಹೆಂಗಸರು ನಾಲ್ವರು. ನನ್ನ ಹೆಸರು ಶೀತಲ್. ನಾರಾಯಣಪುರದ ಆಚೆಗಿನ ಒಂದು ಊರಿನ ಸರಕಾರಿ ಶಾಲೆಯಲ್ಲಿ ಪ್ರಭಾರಿ ಮುಖ್ಯಗುರು. ಊರ ಹೆಸರು ಹೇಳುವುದಿಲ್ಲ. ಅಂಥ ಊರುಗಳು ಬಹಳ ಇವೆ.

ತರಬೇತಿ ಕೊಡುತ್ತಿದ್ದವರು ರೂಪಾಲಿ ಮೇಡಂ. ಬೀದರಿನ ಒಂದು ಸಂಸ್ಥೆಯವರು. ಚಿಕ್ಕ ವಯಸ್ಸು. ಮಾತು ಮೆತ್ತಗೆ. ಅವರು ಎಲ್ಲರ ಕೈಗೂ ಒಂದು ಪುಸ್ತಿಕೆ ಕೊಟ್ಟರು.

"ಇದರಾಗ ಐದು ಪ್ರಕರಣ ಅದಾವ್ರಿ. ಎಲ್ಲಾ ನಮ್ಮ ಜಿಲ್ಲಾದಾಗ ಖರೇನೇ ನಡೆದಾವ. ನಾಲ್ಕನೇದ್ದು ಓದ್ರಿ."

ನಾನು ಓದಿದೆ.

'ಗ್ರಾಮೀಣ ಶಾಲೆಯೊಂದರಲ್ಲಿ ಏಳನೆಯ ತರಗತಿಯ ಬಾಲಕಿಯು ಆಟವಾಡುವಾಗ ಉರುಳಿ ಹೋದ ಚೆಂಡನ್ನು ತೆಗೆಯಲು ಹೋಗಿ, ಶೌಚಾಲಯದ ಗುಂಡಿಗೆ ಆಕಸ್ಮಿಕವಾಗಿ ಬಿದ್ದು ಮೃತಪಟ್ಟಳು. ಶಾಲಾ ಮುಖ್ಯಸ್ಥರು ಧೃತಿಗೆಡದೆ ಪಾಲಕರನ್ನು ಸಮಾಧಾನಪಡಿಸಿ, ಗ್ರಾಮದಲ್ಲಿ ಶಾಂತಿ ಕಾಪಾಡಿ, ಮೂರನೆಯ ದಿನವೇ ತರಗತಿಗಳನ್ನು ಪುನರಾರಂಭಿಸಿದರು.'

ಕೆಳಗೆ ಪ್ರಶ್ನೆ ಇತ್ತು. 'ಈ ಮುಖ್ಯಸ್ಥರಲ್ಲಿ ನೀವು ಕಂಡ ಮೂರು ಉತ್ತಮ ಗುಣಗಳನ್ನು ಬರೆಯಿರಿ.'

ಮೊದಲ ವಾಕ್ಯ ನನ್ನದು. ಒಂದು ಅಕ್ಷರವೂ ಬದಲಾಗಿರಲಿಲ್ಲ. ಎಂಟು ತಿಂಗಳ ಹಿಂದೆ ನಾನು ಇದೇ ಕೈಯಿಂದ ಬರೆದು, ಶಾಲೆಯ ಮೊಹರು ಒತ್ತಿ ಕಳಿಸಿದ್ದೆ.

ಸುತ್ತಲೂ ಪೆನ್ನುಗಳು ಓಡತೊಡಗಿದವು. ನನ್ನ ಪಕ್ಕದಲ್ಲಿ ಮನ್ನಾಏಖೇಳ್ಳಿ ಕಡೆಯ ಮಹೆಬೂಬ ಸರ್ ಕುಳಿತಿದ್ದರು. ನಿವೃತ್ತಿಗೆ ಒಂದು ವರ್ಷ ಉಳಿದವರು. ಅವರು 'ಧೈರ್ಯ' ಎಂದು ಬರೆದರು. 'ಸಮಯಪ್ರಜ್ಞೆ' ಎಂದು ಬರೆದರು. ಮೂರನೆಯದಕ್ಕೆ ಪೆನ್ನು ತಡೆದು ಯೋಚಿಸಿದರು.

ನಮ್ಮ ಭಾಗದ ಶಾಲೆಗಳನ್ನು ನೋಡಿಕೊಳ್ಳುವ ಸಿ.ಆರ್.ಪಿ. ಸಂಜೀವಕುಮಾರ ಮುಂದಿನ ಸಾಲಿನಲ್ಲಿದ್ದ. ಎದ್ದು ಹಿಂದೆ ತಿರುಗಿದ.

"ಇದು ನಮ್ಮ ಶೀತಲ್ ಮೇಡಂದೇ ಸಾಲಿ ನೋಡ್ರಿ. ನಾನೇ ಈ ಪ್ರಕರಣ ಕಳಿಸೀನಿ. ಚಾ ಆದಮ್ಯಾಲ ಮೇಡಂ ಸ್ಟೇಜಿಗಿ ಬಂದು ಅನುಭವ ಹೇಳ್ತಾರ."

ಎಲ್ಲರೂ ಚಪ್ಪಾಳೆ ತಟ್ಟಿದರು.

ಚಹಾ ಕೈಗೆ ಬಂತು. ಕುಡಿಯಲಾಗಲಿಲ್ಲ. ಅದರಲ್ಲೂ ಆ ಗುಂಡಿಯ ವಾಸನೆ ಇತ್ತು.

*

ಸತ್ತ ಹುಡುಗಿಯ ಹೆಸರು ಸ್ನೇಹಲ್. ಪುಸ್ತಿಕೆಯಲ್ಲಿ ಹೆಸರು ಹಾಕಿರಲಿಲ್ಲ.

ಅವಳು ಮಾದಿಗರ ಓಣಿಯವಳು. ನಾನೂ ಅದೇ ಜಾತಿ. ನನ್ನ ಅವ್ವ ಕೇಶರಬಾಯಿ ಇದೇ ಹುಮನಾಬಾದಿನಲ್ಲಿ ಮಂದಿಯ ಸಂಡಾಸ ತೊಳೆದು ನನ್ನನ್ನು ಓದಿಸಿದಳು. ಐದನೆಯ ತರಗತಿಯಲ್ಲಿದ್ದಾಗ ಮಾಸ್ತರರು ನನ್ನ ಕೈಗೂ ಕಸಬರಿಗೆ ಕೊಟ್ಟರು. ಆ ದಿನ ಬಲಗೈಯನ್ನು ಬಾಯಿಯ ಹತ್ತಿರ ತರಲಾಗದೆ ಎಡಗೈಯಿಂದ ಉಂಡೆ. ಎಡಗೈಯಿಂದ ಯಾಕೆ ಉಣ್ಣುತ್ತಿ ಎಂದು ಅವ್ವ ಹೊಡೆದಳು. ಯಾಕೆ ಎಂದು ಹೇಳಿದೆ. ಅವ್ವ ನನ್ನ ಬಲಗೈ ಹಿಡಿದು ತನ್ನ ಸೆರಗಿನಿಂದ ಒರೆಸಿದಳು. ಒರೆಸುತ್ತಲೇ ಇದ್ದಳು.

ಹಿಂದಿನ ಮುಖ್ಯಗುರು ನಿವೃತ್ತರಾದ ಮೇಲೆ ಪ್ರಭಾರ ನನಗೆ ಬಂತು. ಆ ಶಾಲೆಯಲ್ಲಿ ಪ್ರತಿ ಶನಿವಾರ ನಾಲ್ಕು ಹುಡುಗಿಯರು ಸಂಡಾಸ ತೊಳೆಯುತ್ತಿದ್ದರು. ನಾಲ್ವರೂ ಮಾದಿಗರ ಓಣಿಯವರೇ. ಅದನ್ನು ಯಾರೂ ಬರೆದಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನಾನು ಮೊದಲ ವಾರವೇ ನಿಲ್ಲಿಸಿದೆ.

"ಇನ್ ಮ್ಯಾಲಿಂದ ಯಾರೂ ಬಕೀಟ ಮುಟ್ಟಬ್ಯಾಡ್ರಿ. ಯಾರರ ಹೇಳಿದ್ರ ನನಗ ಹೇಳ್ರಿ," ಎಂದೆ.

ಸ್ನೇಹಲ್ ಹಲ್ಲು ಬಿಟ್ಟು ನಕ್ಕಳು. ಮುಂದಿನ ಹಲ್ಲು ಸ್ವಲ್ಪ ಮುರಿದಿತ್ತು.

ಸರಕಾರದಿಂದ ಸಂಡಾಸ ತೊಳೆಯುವವರು ಯಾರೂ ಇರಲಿಲ್ಲ. ನಾನೇ ತೊಳೆದೆ. ಮಕ್ಕಳು ಬರುವ ಮೊದಲು ಹೋಗಿ, ಸೀರೆ ಎತ್ತಿ ಕಟ್ಟಿ, ಫಿನಾಯಿಲ್ ಹಾಕಿ ತಿಕ್ಕಿದೆ. ಮೂರು ತಿಂಗಳು ಯಾರಿಗೂ ತಿಳಿಯಲಿಲ್ಲ. ಒಂದು ಮುಂಜಾನೆ ಶಾಲೆಯ ಉಸ್ತುವಾರಿ ಸಮಿತಿ ಎಸ್.ಡಿ.ಎಂ.ಸಿ.ಯ ಅಧ್ಯಕ್ಷ ಬಸವಣಪ್ಪ ಶಾಲೆಯ ಕಡೆ ಬಂದ. ಊರಿನ ದೊಡ್ಡ ಹೊಲದವನು. ಕಸಬರಿಗೆ ಹಿಡಿದ ನನ್ನನ್ನು ಬಾಗಿಲಲ್ಲಿ ನಿಂತು ನೋಡಿದ. ಜೊತೆಗೆ ಇನ್ನಿಬ್ಬರಿದ್ದರು.

"ಮಾಡ್ರಿ ಮೇಡಂ, ಮಾಡ್ರಿ. ಎಂ.ಎ. ಓದಿದ್ರೂ ಕೈಗಿ ರೂಢಿ ಇದ್ದೇ ಇರ್ತದ."

ಮೂವರೂ ನಕ್ಕರು. ಸಂಜೆಯ ಹೊತ್ತಿಗೆ ಊರೆಲ್ಲ ನಕ್ಕಿತು. ಮರುದಿನ ಏಳನೆಯ ತರಗತಿಯ ಕರಿ ಹಲಗೆಯ ಮೇಲೆ ಯಾರೋ ಕಸಬರಿಗೆಯ ಚಿತ್ರ ಬಿಡಿಸಿ ಕೆಳಗೆ ನನ್ನ ಹೆಸರು ಬರೆದಿದ್ದರು. ಅಂದಿನಿಂದ ನಾನು ಸಂಡಾಸಕ್ಕೆ ಕೈ ಹಚ್ಚಲಿಲ್ಲ. ಅದು ತುಂಬಿತು. ನಾರಿತು. ಹುಡುಗಿಯರು ಬೇಲಿಯ ಆಚೆ ಹೋಗತೊಡಗಿದರು. ನಾನು ನೋಡಿಯೂ ನೋಡದಂತೆ ಇದ್ದೆ. ನನ್ನ ಮರ್ಯಾದೆ ನನಗೆ ದೊಡ್ಡದಾಗಿತ್ತು.

ನವೆಂಬರಿನಲ್ಲಿ ಓಣಿಯ ಮಂದಿ ಕಬ್ಬು ಕಡಿಯಲು ಹಳ್ಳಿಖೇಡದ ಕಡೆ ಹೊರಟರು. ಸ್ನೇಹಲಳ ತಾಯಿ ಸೋನುಬಾಯಿ ಮಗಳನ್ನೂ ಕರೆದೊಯ್ಯಲು ಗಂಟು ಕಟ್ಟಿದ್ದಳು. ಗಂಡ ಸತ್ತವಳು. ಕಡಿದ ಕಬ್ಬಿಗೆ ಸಿವುಡು ಕಟ್ಟಲು ಇನ್ನೊಂದು ಕೈ ಬೇಕಿತ್ತು. ನಾನು ಓಣಿಗೆ ಓಡಿದೆ. ಟ್ರಾಕ್ಟರ್ ಚಾಲೂ ಆಗಿತ್ತು.

"ಸೋನಕ್ಕಾ, ಪೋರಿಗಿ ಒಯ್ಯಬ್ಯಾಡ. ಏಳನೇ ಇಯತ್ತೆ ಅದ. ಊರಾಗ ಮುದುಕಿ ಆಯಿ ಹಂತ್ಯಾಕ ಬಿಡು. ಸಾಲ್ಯಾಗ ನಾ ಇದೀನಲ್ಲ?"

ಸೋನುಬಾಯಿ ನನ್ನ ಮುಖ ನೋಡಿದಳು. ನಂತರ ಟ್ರಾಕ್ಟರಿನಿಂದ ಮಗಳ ಗಂಟು ಇಳಿಸಿದಳು.

"ನಿಮ್ಮ ಭರೋಸಾ ಮ್ಯಾಲ ಬಿಡಾಕತ್ತೀನ್ರಿ ಬಾಯಿ."

*

ಡಿಸೆಂಬರಿನಲ್ಲಿ ಸಂಜೀವಕುಮಾರ ಫೋನು ಮಾಡಿದ. ಸೋಮವಾರ ಶಾಲೆಯ ಸ್ವಚ್ಛತೆ ನೋಡಲು ಮೇಲಿನಿಂದ ತಂಡ ಬರುತ್ತದೆ. ಸಂಡಾಸ ಚಕಚಕ ಇರಬೇಕು.

ಗುಂಡಿ ತುಂಬಿ ನೀರು ಹಿಂದಕ್ಕೆ ಬರುತ್ತಿತ್ತು. ಬಸವಕಲ್ಯಾಣದಿಂದ ಗುಂಡಿಯ ಹೊಲಸು ಎಳೆಯುವ ಗಾಡಿ ತರಿಸಬೇಕು ಎಂದು ಬಸವಣಪ್ಪನ ಮನೆಗೆ ಹೋಗಿ ಕೇಳಿದೆ. ಅವನು ಜೋಕಾಲಿಯಿಂದ ಏಳಲಿಲ್ಲ. ನಾನು ಅಂಗಳದಲ್ಲೇ ನಿಂತಿದ್ದೆ.

"ಗಾಡಿ ಯಾಕ್ರಿ? ನಿಮ್ಮ ಓಣಿ ಪೋರಿಗೋಳು ಅದಾವಲ್ಲ. ಮೊದಲಿಂದ ಅವೇ ಮಾಡ್ತಿದ್ವು. ನೀವು ಬಂದು ಕಿತಾಪತಿ ಮಾಡೀರಿ. ಇಲ್ಲಂದ್ರ ನೀವೇ ಇಳೀರಿ. ಸೋಮವಾರ ಸಾಲಿ ಹೆಸರು ಕೆಟ್ರ ಈ ಕುರ್ಚಿ ನಿಮಗ ಇರೋದಿಲ್ಲ ನೋಡ್ರಿ."

ಶನಿವಾರ ಮುಂಜಾನೆ ಏಳನೆಯ ತರಗತಿಗೆ ಹೋದೆ. ಹಾಜರಿ ಪುಸ್ತಕ ತೆರೆದೆ. ನಾಲ್ಕು ಹೆಸರು ಕರೆದೆ. ಎರಡನೆಯದು ಹದಿನೇಳನೆಯ ನಂಬರು.

"ಸ್ನೇಹಲ್."

"ಹಾಜರ್ ರೀ ಮಿಸ್."

"ಬಕೀಟ ತಗೊಂಡ್ ಹೋಗು."

ಅವಳು ಏಳಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿದಳು.

"ಮಿಸ್, ನೀವೇ ಬ್ಯಾಡಂದಿದ್ರಲ್ರಿ?"

ಇಡೀ ತರಗತಿ ನನ್ನನ್ನು ನೋಡುತ್ತಿತ್ತು. ಹಲಗೆಯ ಮೇಲೆ ಕಸಬರಿಗೆ ಬಿಡಿಸಿದ ಕೈಯೂ ಅಲ್ಲೇ ಎಲ್ಲೋ ಕುಳಿತಿತ್ತು.

"ಇವತ್ತೊಂದಿನ," ಎಂದೆ.

ಸಂಡಾಸದ ಹಿಂದೆ ಗುಂಡಿ. ಮೇಲೆ ಎರಡು ಪರಸಿ ಕಲ್ಲಿನ ಚಪ್ಪಡಿ ಮುಚ್ಚಿದ್ದರು. ಹಳೆಯ ಕಲ್ಲು. ಇಬ್ಬರು ಹುಡುಗಿಯರು ಕಬ್ಬಿಣದ ಸಲಾಕೆ ಹಾಕಿ ಒಂದು ಕಲ್ಲು ಸರಿಸಿದರು. ಕಟ್ಟಿಕೊಂಡ ಹೊಲಸು ಸಡಿಲಾಗಲು ನೀರು ಸುರಿದು ಬಿದಿರಿನ ಕೋಲಿನಿಂದ ಕದಡಬೇಕಿತ್ತು. ಸ್ನೇಹಲ್ ತುಂಬಿದ ಬಕೆಟ್ಟು ಎತ್ತಿಕೊಂಡು ಇನ್ನೊಂದು ಕಲ್ಲಿನ ಮೇಲೆ ನಿಂತಳು. ಕಲ್ಲು ನಡುವೆ ಮುರಿಯಿತು.

ನಾನು ಕಚೇರಿಯಲ್ಲಿದ್ದೆ. ತಂಡಕ್ಕೆ ತೋರಿಸುವ ಕಾಗದ ಜೋಡಿಸುತ್ತಿದ್ದೆ. ಚೀರಾಟ ಕೇಳಿ ಓಡಿದೆ. ಗುಂಡಿಯ ಅಂಚಿನಲ್ಲಿ ಮೂವರು ಹುಡುಗಿಯರಿದ್ದರು. ಕೆಳಗೆ ಕಪ್ಪು ಇತ್ತು. ಗುಳ್ಳೆ ಬರುತ್ತಿದ್ದವು. ನಾನು ಅಂಚಿನಲ್ಲಿ ಬೋರಲು ಬಿದ್ದು ಕೈ ಇಳಿಬಿಟ್ಟೆ. ಕೈಗೆ ಏನೂ ಸಿಗಲಿಲ್ಲ.

ಸೋನುಬಾಯಿಯ ತಮ್ಮ ದೇವಿದಾಸ ಹತ್ತಿರದಲ್ಲೇ ಗೋಡೆ ಕಟ್ಟುತ್ತಿದ್ದ. ಬಂದವನೇ ಸೊಂಟಕ್ಕೆ ಹಗ್ಗ ಬಿಗಿದು ಇಳಿದ. ಮೊದಲ ಸಲ ಉಸಿರು ಸಿಗದೆ ಮೇಲೆ ಬಂದ. ಎರಡನೆಯ ಸಲ ಅವಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದ. ಅವಳನ್ನು ನೆಲಕ್ಕೆ ಮಲಗಿಸಿ ತಾನೂ ಬಿದ್ದು ವಾಂತಿ ಮಾಡಿದ. ಸ್ನೇಹಲಳ ಬಾಯಿ ತುಂಬಿತ್ತು. ಮೂಗು ತುಂಬಿತ್ತು. ನಾನು ಬೆರಳು ಹಾಕಿ ತೆಗೆದೆ. ತೆಗೆದಷ್ಟೂ ಬಂತು. ಜಡೆಯ ರಿಬ್ಬನ್ ಯಾವ ಬಣ್ಣದ್ದು ಎಂದು ತಿಳಿಯುತ್ತಿರಲಿಲ್ಲ. ನೀರು ಹಾಕಿ ತೊಳೆದೆ. ಮತ್ತೆ ತೊಳೆದೆ. ಮುಖ ಕಂಡಿತು. ಕಣ್ಣು ತೆರೆದೇ ಇದ್ದವು.

ಗಂಟೆಯೊಳಗೆ ಬಸವಣಪ್ಪ ಬಂದ. ಸಂಜೀವಕುಮಾರನೂ ಬಂದ. ನನ್ನನ್ನು ಕಚೇರಿಗೆ ಕರೆದು ಬಾಗಿಲು ಮುಚ್ಚಿದರು. ನನ್ನ ಸೀರೆಯಿಂದ ನೀರು ಸೋರುತ್ತಿತ್ತು. ಸಂಜೀವಕುಮಾರ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡಿದ.

"ಏನಂತ ಬರೀತೀರಿ ಮೇಡಂ?"

"ಏನಾಗ್ಯದೋ ಅದೇ."

"ಹೆಸರು ಕರೆದೋರು ಯಾರು? ನೀವು. ಮೊದಲು ಜೇಲಿಗಿ ಹೋಗೋರು ನೀವೇ. ನಾಳೆ ಪೇಪರ್ನಾಗ ಏನ್ ಬರ್ತದ ಗೊತ್ತದ ಏನು? ತಮ್ಮ ಜಾತಿ ಪೋರಿಗಿ ತಾವೇ ಕೊಂದ್ರು ಅಂತ ಬರ್ತದ. ಇನ್ ಮ್ಯಾಲ ನಿಮ್ಮ ಪೈಕಿ ಯಾರಿಗಿ ಭೀ ಈ ಕುರ್ಚಿ ಕೊಡೋದಿಲ್ಲ. ವಿಚಾರ ಮಾಡ್ರಿ."

ಬಸವಣಪ್ಪ ಗೋಡೆಯ ಕಡೆ ನೋಡುತ್ತಿದ್ದ. "ಆಡ್ಲಿಕ್ಕಿ ಹೋಗಿ ಬಿದ್ದಾಳ. ಅಷ್ಟೇ," ಎಂದ.

"ಆಟದ ಸಾಮಾನು ಎಲ್ಲಿ ಅದಾವ?" ಎಂದ ಸಂಜೀವಕುಮಾರ.

ಬೀರುವಿನ ಕೀಲಿ ನನ್ನ ಹತ್ತಿರವಿತ್ತು. ಕೊಡುವುದಿಲ್ಲ ಎನ್ನಬಹುದಿತ್ತು. ನನಗೆ ಬಾಯಿ ಇತ್ತು. ನಾನು ಬೀರು ತೆರೆದು ಚೆಂಡು ತೆಗೆದು ಅವನ ಕೈಗೆ ಕೊಟ್ಟೆ. ಅದು ಹೊಸ ಚೆಂಡು. ಅವನು ಅದನ್ನು ಅಂಗಳದ ಮಣ್ಣಿನಲ್ಲಿ ಉಜ್ಜಿದ. ಹಿಂದೆ ಹೋಗಿ ಗುಂಡಿಗೆ ಹಾಕಿದ. ಚೆಂಡು ತೇಲಿತು. ಪಂಚನಾಮೆಗೆ ಬಂದ ಪೊಲೀಸ ಬಗ್ಗಿ ನೋಡಿ, 'ಗುಂಡಿಯಲ್ಲಿ ಚೆಂಡು ಕಂಡುಬಂದಿತು' ಎಂದು ಬರೆದುಕೊಂಡ.

ಅಂದು ಮಧ್ಯಾಹ್ನ ನಾನು ವರದಿ ಬರೆದೆ.

ಮೂರನೆಯ ದಿನ ಶಾಲೆ ತೆರೆಯಿತು. ಸಂಡಾಸಕ್ಕೆ ಬೀಗ ಹಾಕಿದ್ದರು. ತಂಡ ಬರಲೇ ಇಲ್ಲ.

ಹಾಜರಿ ಕರೆಯುವಾಗ ಹದಿನಾರರಿಂದ ಹದಿನೆಂಟಕ್ಕೆ ಹಾರುತ್ತಿದ್ದೆ. ಆ ಎರಡರ ನಡುವೆ ತರಗತಿ ಉಸಿರು ಹಿಡಿಯುತ್ತಿತ್ತು. ಒಂದು ದಿನ ಆ ಜಾಗದಲ್ಲಿ ನನಗೆ "ಹಾಜರ್ ರೀ ಮಿಸ್" ಎಂದು ಕೇಳಿಸಿತು. ತಲೆ ಎತ್ತಿದೆ. ಯಾರ ತುಟಿಯೂ ಅಲುಗಿರಲಿಲ್ಲ. ಮಕ್ಕಳು ಹೆದರಿ ನನ್ನನ್ನು ನೋಡುತ್ತಿದ್ದರು. ಆಮೇಲೆ ಅದು ಆಗಾಗ ಕೇಳಿಸಿತು. ಬಸ್ಸಿನಲ್ಲಿ ಕೇಳಿಸಿತು. ರೊಟ್ಟಿ ಬಡಿಯುವಾಗ ಕೇಳಿಸಿತು. ಅವಳು ಎಂದೂ ಅಳಲಿಲ್ಲ. ಬೈಯಲಿಲ್ಲ. ಹಾಜರಿ ಮಾತ್ರ ಹೇಳುತ್ತಿದ್ದಳು.

*

ಚಹಾ ಮುಗಿಯಿತು. ರೂಪಾಲಿ ಮೇಡಂ ನನ್ನ ಹೆಸರು ಕರೆದರು. ವೇದಿಕೆ ಎಂದರೆ ಒಂದು ಮೆಟ್ಟಿಲು ಎತ್ತರ. ಹತ್ತಿದೆ. ಮೈಕು ಕೊಟ್ಟರು.

"ಈ ಪ್ರಕರಣ ಸುಳ್ಳದ," ಎಂದೆ.

ಯಾರಿಗೂ ತಿಳಿಯಲಿಲ್ಲ. ಒಂದಿಬ್ಬರು ಇನ್ನೂ ನಗುಮುಖದಲ್ಲೇ ಇದ್ದರು.

"ಆ ಪೋರಿ ಚೆಂಡಿಗಿ ಹೋಗಿರಲಿಲ್ಲ. ಸಂಡಾಸದ ಗುಂಡಿ ತೊಳೀಲಿಕ್ಕಿ ಹೋಗಿದ್ಳು. ನಾನೇ ಕಳಿಸಿದ್ದೆ. ಹಾಜರಿ ಪುಸ್ತಕ ನೋಡಿ ಹೆಸರು ಹಿಡದು ಕಳಿಸಿದ್ದೆ. ಆಕಿ ಹೆಸರು ಸ್ನೇಹಲ್. ಚೆಂಡು ಆಕಿ ಸತ್ತ ಮ್ಯಾಲ ಗುಂಡಿಗಿ ಹಾಕೀವಿ. ಚೆಂಡು ಕೊಟ್ಟಾಕಿ ನಾನು. ಹಾಕಿದವ್ರು ಇಲ್ಲೇ ಮುಂದಿನ ಸಾಲಿನಾಗ ಕುಂತಾರ."

ಸಂಜೀವಕುಮಾರ ಧಡಕ್ಕನೆ ಎದ್ದು ಬಂದ. "ಮೇಡಂಗ ಮನಸ್ಸಿಗಿ ಹಚ್ಚಕೊಂಡದ. ಆರಾಮ ಇಲ್ಲ. ಬರ್ರಿ ಮೇಡಂ, ಕೂಡ್ರಿ," ಎನ್ನುತ್ತ ಮೈಕು ಕಸಿದ. ನಾನು ಬಿಟ್ಟುಕೊಟ್ಟೆ. ಮೈಕು ಬೇಕಿರಲಿಲ್ಲ. ಹದಿನಾಲ್ಕು ವರ್ಷ ತರಗತಿಯಲ್ಲಿ ಕೂಗಿದ ಗಂಟಲು ಅದು.

"ಇದು ತರಬೇತಿ ಅದ ಮೇಡಂ, ಕೋರ್ಟ್ ಅಲ್ಲ!" ಎಂದು ಅವನು ಹಲ್ಲು ಕಚ್ಚಿ ಹೇಳಿದ.

"ಅದಕ್ಕೇ ಇಲ್ಲಿ ಹೇಳಾಕತ್ತೀನಿ. ಈ ನಲವತ್ತು ಮಂದಿ ನನ್ನ ಸುಳ್ಳು ಕಲ್ತು ನಲವತ್ತು ಸಾಲಿಗಿ ಒಯ್ತಾರ. ನಾಳೆ ಇವರ ಸಾಲ್ಯಾಗ ಒಂದು ಪೋರಿ ಸತ್ರ ಹ್ಯಾಂಗ ಮುಚ್ಚಬೇಕು ಅನ್ನೋದು ಈ ಪುಸ್ತಕದಾಗ ಅದ. ಮೂರು ಗುಣ ಬರೀರಿ ಅಂದೀರಿ. ನಾ ಹೇಳ್ತೀನಿ, ಬರಕೋರಿ. ಅಂಜುಬುರುಕಿ. ಸುಳ್ಳಿ. ಕುರ್ಚಿ ಆಸೆದಾಕಿ."

ರೂಪಾಲಿ ಮೇಡಂ ಪುಸ್ತಿಕೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದರು.

ನಾನು ಕುಳಿತವರ ಕಡೆ ತಿರುಗಿದೆ.

"ನಿಮ್ಮ ಸಾಲ್ಯಾಗ ಸಂಡಾಸ ಯಾರು ತೊಳೀತಾರ?"

ಫ್ಯಾನು ತಿರುಗುತ್ತಿತ್ತು. ಒಬ್ಬರು ಮೊಬೈಲು ತೆಗೆದರು. ಇನ್ನೊಬ್ಬರು ಕಿಟಕಿಯ ಹೊರಗೆ ನೋಡಿದರು. ಬೆಳಿಗ್ಗೆಯಿಂದ ಪ್ರಾಮಾಣಿಕತೆಯ ಬಗ್ಗೆ ಚಾರ್ಟು ಬರೆದು ಗೋಡೆಗೆ ಅಂಟಿಸಿದ ಜನ.

ಆಮೇಲೆ ಮಹೆಬೂಬ ಸರ್ ಕೈ ಎತ್ತಿದರು. ಮಕ್ಕಳು ಎತ್ತುವಂತೆ ಎತ್ತಿದರು.

"ನನ್ನ ಸಾಲ್ಯಾಗ ಭೀ ಪೋರಿಗೋಳೇ ತೊಳೀತಾವ. ಯಾವ ಓಣಿವು ಅಂತ ಹೇಳೋದು ಬೇಕಿಲ್ಲ. ಎಲ್ಲಾರಿಗೂ ಮಾಲೂಮ್ ಅದ." ಅವರು ಎದ್ದು ನಿಂತರು. "ಈ ಮೇಡಂ ಹೇಳಿದ್ದು ಯಾರರ ಬರಕೋರಿ. ನಾ ಸಾಕ್ಷಿ ಸಹಿ ಹಾಕ್ತೀನಿ."

ರೂಪಾಲಿ ಮೇಡಂ ಮೇಜಿನ ಮೇಲಿನಿಂದ ಬಿಳಿ ಹಾಳೆ ತೆಗೆದರು. ತಾವೇ ಬರೆದುಕೊಂಡರು. ನಾನು ಮತ್ತೆ ಮೊದಲಿನಿಂದ ಹೇಳಿದೆ. ಸಹಿ ಮಾಡಿದೆ. ಕೆಳಗೆ ಮಹೆಬೂಬ ಸರ್ ಸಹಿ ಮಾಡಿದರು. ಉಳಿದ ಮೂವತ್ತೆಂಟು ಜನ ಊಟಕ್ಕೆ ಎದ್ದರು.

ಹೊರಗೆ ಸಂಜೀವಕುಮಾರ ನನ್ನನ್ನು ತಡೆದ.

"ಎರಡು ದಿನದಾಗ ಅಮಾನತು ಆದೇಶ ಬರ್ತದ. ನಿಮ್ಮ ಅವ್ವ ಏನ್ ತೊಳದು ಓದಿಸ್ಯಾಳ, ಯಾದ್ ಅದ ಏನು? ಅದೆಲ್ಲಾ ಇವತ್ತು ಮಣ್ಣಾಗ ಹಾಕಿದ್ರಿ."

"ಮಣ್ಣಾಗ ಹಾಕಿದ್ದು ಸ್ನೇಹಲಗ," ಎಂದೆ. "ದಾರಿ ಬಿಡು."

ಅವನಿಗೆ ನಾನು ಎಂದೂ ಏಕವಚನ ಹಚ್ಚಿರಲಿಲ್ಲ. ದಾರಿ ಬಿಟ್ಟ.

*

ಬಸ್ಸು ಹಿಡಿದು ಬಸವಕಲ್ಯಾಣಕ್ಕೆ ಬಂದು, ಅಲ್ಲಿಂದ ಊರಿಗೆ ಬರುವಾಗ ಹೊತ್ತು ಇಳಿದಿತ್ತು. ಸೋನುಬಾಯಿ ಮಂದಿಯ ಹೊಲದಲ್ಲಿ ಸೋಯಾದ ಕಸ ತೆಗೆಯುತ್ತಿದ್ದಳು. ಬಾಕಿ ಹೆಂಗಸರು ಮನೆಗೆ ಹೋಗಿದ್ದರು. ಅವಳ ಸಾಲು ಮುಗಿದಿರಲಿಲ್ಲ. ಕುಕ್ಕರುಗಾಲಲ್ಲಿ ಕುಳಿತು ಮುಂದೆ ಸರಿಯುತ್ತಿದ್ದಳು. ನನ್ನನ್ನು ನೋಡಿ ಕೈ ನಿಲ್ಲಿಸಲಿಲ್ಲ.

ನಾನು ಸಾಲಿನ ಪಕ್ಕ ಕುಳಿತು ಎಲ್ಲ ಹೇಳಿದೆ. ಅವಳ ಕುರ್ಪಿ ಒಂದೇ ಸಮ ಮಣ್ಣು ಕೊರೆಯುತ್ತಿತ್ತು. ಮುಗಿಸಿದಾಗ ಅವಳು ಮುಖ ಎತ್ತದೆ ಮಾತಾಡಿದಳು. ಮೊದಲ ಸಲ ನನಗೆ 'ನೀ' ಅಂದಳು.

"ನನಗ ಹೊಸಾದು ಏನ್ ಹೇಳಿದಿ? ದೇವಿದಾಸ ಗುಂಡ್ಯಾಗ ಇಳದಾನ. ಇಳದಾಗ ಚೆಂಡು ಇರಲಿಲ್ಲ. ಆಂವ ಅವತ್ತೇ ಅಂದಾನ. ಬ್ಯಾರೆ ಪೋರಿಗೋಳು ಭೀ ಅಂದಾವ. ನಮ್ಮ ಮಾತು ಯಾರು ಕೇಳ್ತಾರ? ಪೊಲೀಸರು ಅಂದ್ರು, ಮೇಡಂ ಬರದು ಕೊಟ್ಟಾರ, ಅವರು ಭೀ ನಿಮ್ಮವರೇ ಅದಾರ, ಸುಳ್ಳ್ಯಾಕ ಬರೀತಾರ ಅಂತ."

ಅವಳು ಒಂದು ಕಸ ಕಿತ್ತು ಬದುವಿಗೆ ಎಸೆದಳು.

"ನಾ ಕಬ್ಬಿನ ಫಡದಾಗಿಂದ ಬಂದಾಗ ಕೈಯಾಗ ಕಬ್ಬು ಕಡಿಯೋ ಕೋಯ್ತಾ ಹಂಗೇ ಇತ್ತು. ನನ್ನ ಮುಂದ ಒಂದು ಕಾಗದ ಇಟ್ರು. ಓದಿ ಹೇಳಿದವ್ರು ಯಾರು?"

ಅದು ನಾನು. ಎಂಟು ತಿಂಗಳಿನಿಂದ ಅದನ್ನು ನನಗೆ ನಾನೇ ಹೇಳಿಕೊಂಡಿರಲಿಲ್ಲ. ವೇದಿಕೆಯ ಮೇಲೂ ಹೇಳಿರಲಿಲ್ಲ. ಕಾಗದದಲ್ಲಿ 'ನನ್ನ ಮಗಳು ಆಟದ ಚೆಂಡು ತೆಗೆಯಲು ಹೋಗಿ ಬಿದ್ದಿರುತ್ತಾಳೆ, ಯಾರ ಮೇಲೂ ಸಂಶಯವಿಲ್ಲ' ಎಂದಿತ್ತು. ನಾನು ಅವಳಿಗೆ 'ನನ್ನ ಮಗಳು ಶಾಲೆಯಲ್ಲಿ ಗುಂಡಿಗೆ ಬಿದ್ದು ಸತ್ತಿದ್ದಾಳೆ, ನನಗೆ ನ್ಯಾಯ ಕೊಡಿಸಿ' ಎಂದು ಓದಿ ಹೇಳಿದ್ದೆ. ಅವಳು ನನ್ನ ಬಾಯಿ ನೋಡುತ್ತ ಕೇಳಿ, ಹೆಬ್ಬೆಟ್ಟು ಒತ್ತಿದ್ದಳು. ಅವಳ ಹೆಬ್ಬೆಟ್ಟನ್ನು ಹಿಡಿದು ಶಾಯಿಗೆ ಹಚ್ಚಿದವಳೂ ನಾನೇ.

"ನಾನು," ಎಂದೆ.

ಸೋನುಬಾಯಿ ಕುರ್ಪಿ ನೆಲಕ್ಕೆ ಚುಚ್ಚಿದಳು. ಎದ್ದಳು. ನನ್ನ ಕೆನ್ನೆಗೆ ಹೊಡೆದಳು. ಕೈಯಲ್ಲಿ ಮಣ್ಣಿತ್ತು. ಇನ್ನೊಮ್ಮೆ ಹೊಡೆದಳು. ನಾನು ಕೈ ಅಡ್ಡ ತರಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈ ಗಾಳಿಯಲ್ಲೇ ನಿಂತಿತು. ಅವಳಿಗೆ ಅಳು ಬಂತು. ಸೋಯಾದ ಸಾಲಿನ ನಡುವೆ ಕುಸಿದು ಕುಳಿತು ಎದೆ ಬಡಿದುಕೊಂಡಳು.

"ಟ್ರಾಕ್ಟರದಾಗಿಂದ ಆಕಿ ಗಂಟು ನಾನೇ ಇಳಿಸೀನಿ," ಎಂದಳು. "ನನ್ನ ಕೈಲೇ ಇಳಿಸೀನಿ."

ನಾನು ಮುಟ್ಟಲು ಹೋದೆ. ನನ್ನ ಕೈಯನ್ನು ತಳ್ಳಿದಳು.

ಕತ್ತಲಾಗುವ ಮೊದಲು ಅವಳು ಉಳಿದ ಸಾಲು ಮುಗಿಸಿದಳು. ನಾನು ಎದುರಿನ ತುದಿಯಿಂದ ಕೈಯಿಂದಲೇ ಕಸ ಕೀಳುತ್ತ ಬಂದೆ. ಬೇಡ ಎನ್ನಲಿಲ್ಲ. ಬೇಕು ಎನ್ನಲೂ ಇಲ್ಲ.

ಹೊರಡುವಾಗ ಹೇಳಿದಳು. "ನಾಳೆ ಠಾಣಾಕ್ಕ ಹೋಗೋಣ. ನೀ ಬರದು ಕೊಡು. ಮೊದಲು ನಿನ್ನ ಹೆಸರು ಬರಿ. ಆಮ್ಯಾಲ ಅವರವು."

*

ಮರುದಿನ ಮುಂಜಾನೆ ಠಾಣೆಗೆ ಹೋದೆವು. ಸೋನುಬಾಯಿ, ದೇವಿದಾಸ, ನಾನು. ಒಂದೇ ಟಂಟಂ ಆಟೋದಲ್ಲಿ ಹೋದರೂ ಅವರು ಹಿಂದೆ ಕುಳಿತರು. ನಾನು ಮುಂದೆ, ಡ್ರೈವರನ ಪಕ್ಕ. ದೇವಿದಾಸ ದಾರಿಯುದ್ದಕ್ಕೂ ಕೆಮ್ಮುತ್ತಿದ್ದ. ಆ ಗುಂಡಿಯಿಂದ ಬಂದ ಕೆಮ್ಮು ಅವನನ್ನು ಬಿಟ್ಟಿಲ್ಲ. ಗಾರೆ ಕೆಲಸಕ್ಕೆ ಈಗ ಯಾರೂ ಕರೆಯುವುದಿಲ್ಲ.

ಸಬ್ ಇನ್ಸ್‌ಪೆಕ್ಟರ್ ಕೇಳಿ ಬೇಸರಪಟ್ಟರು.

"ಎಂಟು ತಿಂಗಳ ಮ್ಯಾಲ ಬಂದೀರಿ. ಫೈಲ್ ಬಂದ್ ಆಗ್ಯದ. ನೀವೇ ಬರೆದಿದ್ದು ಸುಳ್ಳು ಅಂದ್ರ ನೀವೇ ಆರೋಪಿ ಆಗ್ತೀರಿ ಮೇಡಂ. ವಿಚಾರ ಮಾಡ್ರಿ."

"ಮಾಡೀನ್ರಿ."

"ಯಾರರ ಒತ್ತಾಯ ಮಾಡಿದ್ರು ಅಂತ ಬರೀರಿ. ನಿಮಗ ಹಗುರ ಆಗ್ತದ."

ಒತ್ತಾಯ ಇತ್ತು. ಅದನ್ನೂ ಬರೆದೆ. ಆದರೆ ತರಗತಿಯಲ್ಲಿ ಹೆಸರು ಕರೆದಾಗ ನನ್ನ ಕುತ್ತಿಗೆಯ ಮೇಲೆ ಯಾರ ಕೈಯೂ ಇರಲಿಲ್ಲ. ಅದನ್ನೂ ಬರೆದೆ. ಬಕೆಟ್ಟು ಬರೆದೆ. ಪರಸಿ ಕಲ್ಲು ಬರೆದೆ. ಚೆಂಡು ಬರೆದೆ. ಬಸವಣಪ್ಪ ಅಂಗಳದಲ್ಲಿ ನಿಲ್ಲಿಸಿ ಆಡಿದ ಮಾತು ಬರೆದೆ. ಸಂಜೀವಕುಮಾರನ ಹೆಸರು ಬರೆದೆ. ತಾಯಿಗೆ ಸುಳ್ಳು ಓದಿ ಹೇಳಿದ್ದು ಬರೆದೆ. ನಾಲ್ಕು ಪುಟವಾಯಿತು.

ಸೋನುಬಾಯಿಯದೂ ಬೇರೆ ದೂರು ಬೇಕಿತ್ತು. ಅವಳು ಹೇಳಿದಂತೆ ನಾನು ಬರೆದುಕೊಂಡೆ. ರೂಢಿಯಿಂದ ಓದಿ ಹೇಳಲು ಬಾಯಿ ತೆರೆದೆ. ಸೋನುಬಾಯಿ ನನ್ನ ಕೈಯಿಂದ ಕಾಗದ ಕಿತ್ತುಕೊಂಡು ಸಬ್ ಇನ್ಸ್‌ಪೆಕ್ಟರರ ಮೇಜಿನ ಮೇಲೆ ಇಟ್ಟಳು.

"ನೀವು ಓದ್ರಿ ಸಾಹೇಬ. ಆಕಿ ಓದೋದು ಬ್ಯಾಡ."

ಅವರು ಓದಿದರು. ಮಗಳು ಬಿದ್ದ ಸಾಲು ಬಂದಾಗ ಸೋನುಬಾಯಿ ಕೈ ಎತ್ತಿ ತಡೆದಳು. ಇನ್ನೊಮ್ಮೆ ಓದಿಸಿದಳು. ಕಣ್ಣು ಮುಚ್ಚಿ ಕೇಳಿದಳು. ನಂತರ ತಾನೇ ಶಾಯಿಯ ಡಬ್ಬಿ ಹತ್ತಿರ ಎಳೆದುಕೊಂಡು ಹೆಬ್ಬೆಟ್ಟು ಒತ್ತಿದಳು.

ಠಾಣೆಯ ಹೊರಗೆ ಬೇವಿನ ಮರದ ಕೆಳಗೆ ನಿಂತು ಅವಳು ನನಗೆ ಹೇಳಿದ್ದು ಇಷ್ಟೇ.

"ಕೋರ್ಟಿಗಿ ಬಾ. ಅಲ್ಲಿ ಭೀ ಇದೇ ಹೇಳು. ತಪ್ಪಿಸಬ್ಯಾಡ. ನಮ್ಮ ಮನಿಗಿ ಬರಬ್ಯಾಡ."

ಅಮಾನತು ಆದೇಶ ಎರಡು ದಿನದಲ್ಲಲ್ಲ, ಮರುದಿನವೇ ಬಂತು. ಬಸವಣಪ್ಪ ಒಂದು ವಾರದೊಳಗೆ ಜಾಮೀನಿನ ಮೇಲೆ ಮನೆಗೆ ಬಂದ. ಊರಲ್ಲಿ ಮೆರವಣಿಗೆ ಮಾಡಿಸಿಕೊಂಡ. ಸಂಜೀವಕುಮಾರನಿಗೆ ಬೇರೆ ತಾಲೂಕಿಗೆ ವರ್ಗವಾಯಿತು. ರೂಪಾಲಿ ಮೇಡಂ ಆ ಪುಸ್ತಿಕೆಯನ್ನು ವಾಪಸು ತರಿಸಿಕೊಂಡು ಸುಟ್ಟರಂತೆ. ಅವರ ಕೆಲಸವೂ ಹೋಯಿತು. ಶಾಲೆಯ ಗುಂಡಿಯನ್ನು ಮಣ್ಣು ಹಾಕಿ ಮುಚ್ಚಿದ್ದಾರೆ. ಅದರ ಸುತ್ತ ಮಕ್ಕಳು ಸುಳಿಯುವುದಿಲ್ಲ ಎಂದು ದೇವಿದಾಸ ಹೇಳಿದ. ಶನಿವಾರ ಹೊಸ ಪ್ರಭಾರಿ ಓಣಿಯ ಹುಡುಗಿಯರನ್ನು ಎಬ್ಬಿಸಲು ನೋಡಿದರಂತೆ. ಅಂದು ಸ್ನೇಹಲಳ ಜೊತೆಗಿದ್ದ, ಈಗ ಎಂಟನೆಯ ತರಗತಿಯ ಮೂವರೂ ಬೆಂಚು ಹಿಡಿದು ಕುಳಿತೇ ಇದ್ದರಂತೆ. ಬೆತ್ತ ತೋರಿಸಿದರೂ ಏಳಲಿಲ್ಲವಂತೆ.

ನಾನೂ ಜಾಮೀನಿನ ಮೇಲೆ ಇದ್ದೇನೆ. ಪ್ರತಿ ತಾರೀಖಿಗೆ ಕೋರ್ಟಿಗೆ ಹೋಗುತ್ತೇನೆ. ಆರೋಪಿಗಳ ಸಾಲಿನಲ್ಲಿ ಬಸವಣಪ್ಪನ ಪಕ್ಕದಲ್ಲೇ ನಿಲ್ಲಬೇಕು. ಅವನ ಅಂಗಿಗೆ ಅತ್ತರಿನ ವಾಸನೆ ಇರುತ್ತದೆ. ನನ್ನ ವಕೀಲರು ಪ್ರತಿ ಸಲವೂ, ನೀವು ಬಾಯಿ ಮುಚ್ಚಿಕೊಂಡಿದ್ದರೆ ಬಿಡಿಸುತ್ತೇನೆ ಎನ್ನುತ್ತಾರೆ. ನಾನು ಬೇಡ ಎನ್ನುತ್ತೇನೆ. ಸೋನುಬಾಯಿ ಕೂಲಿ ಬಿಟ್ಟು ಬಂದು ಎದುರಿನ ಬೆಂಚಿನಲ್ಲಿ ಕೂರುತ್ತಾಳೆ. ನನ್ನ ಕಡೆ ನೋಡುವುದಿಲ್ಲ. ನಾನು ಬಂದಿದ್ದೇನೋ ಇಲ್ಲವೋ ಎಂದು ಮಾತ್ರ ಒಮ್ಮೆ ಕಣ್ಣು ಹಾಯಿಸುತ್ತಾಳೆ.

ಜವಾನ ಬಾಗಿಲಲ್ಲಿ ನಿಂತು ನನ್ನ ಹೆಸರು ಕೂಗುತ್ತಾನೆ. ಮೂರು ಸಲ ಕೂಗುವುದು ಅಲ್ಲಿನ ಪದ್ಧತಿ. ನಾನು ಮೊದಲ ಕೂಗಿಗೇ ಎದ್ದು ನಿಲ್ಲುತ್ತೇನೆ.